ಸೊಂಟದ ಪಿಸ್ತೂಲೋ, ಅಪ್ಪನ ಹಳೇ ಕೋವಿಯೋ?

"ಒಂದು ಪಿಸ್ತೂಲಿಗೆ ಎಷ್ಟಾಗ್ತದೆ ಮಾರಾಯ? ನೀನು ಪೇಪರಿನವ, ನಿಂಗೆ ಗೊತ್ತಿರ್ತದೆ."

ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ನನ್ನನ್ನು ಹೀಗೆ ಕೇಳಿದವರು ಒಂದೂವರೆ ಎಕರೆ ತೋಟದ ಯಜಮಾನರು. ಊರಿನಿಂದ ಒಳಗೆ, ಕಾಡಿನ ಅಂಚಿಗೆ ಒಂಟಿ ಮನೆ. ಮಗ ಬೆಂಗಳೂರಿನಲ್ಲಿದ್ದಾನೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯಲ್ಲಿ ಎರಡು ಚೀಲದಷ್ಟು ರಾತ್ರೋರಾತ್ರಿ ಹೋಗಿತ್ತು. ಠಾಣೆಗೆ ದೂರು ಕೊಟ್ಟು ಬಂದ ದಿನದಿಂದ ಅವರ ತಲೆಯಲ್ಲಿ ಪಿಸ್ತೂಲು ಕೂತಿದೆ. ಸೊಸೈಟಿಯಲ್ಲಿ ಸಾಲ ಎತ್ತಿಯಾದರೂ ಒಂದು ತಗೊಳ್ಳಬೇಕು, ಕಡಿಮೆ ಬೆಲೆಯದ್ದು ಯಾವುದಿದೆ ವಿಚಾರಿಸಿ ಹೇಳು ಅಂದರು.

"ಆಯ್ತು ಅಣ್ಣ, ಕೇಳಿ ಹೇಳ್ತೇನೆ" ಅಂದೆ. ಕಾಯಿದೆ ಓದಿದೆ, ಪೇಟೆಯ ಬಂದೂಕಿನ ಅಂಗಡಿಯಲ್ಲಿ ಕೂತು ಬಂದೆ, ಲೈಸೆನ್ಸ್ ಇರುವ ನಾಲ್ಕು ಜನ ಬೆಳೆಗಾರರ ಹತ್ತಿರ ಮಾತಾಡಿದೆ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಊರಿನವರು ಫೋನ್ ಮಾಡಿಯೂ ಕೇಳಿದ್ದಾರೆ. ಹಾಗಾಗಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕೈಯಲ್ಲಿ ದುಡ್ಡು ಕಡಿಮೆ ಇರುವ ರೈತನಿಗೆ ಮೊದಲ ಬಂದೂಕಾಗಿ ಪಿಸ್ತೂಲು ಬೇಡ. ಕಾಯಿದೆಯ ಲೆಕ್ಕದಲ್ಲೂ ದುಡ್ಡಿನ ಲೆಕ್ಕದಲ್ಲೂ ಉಪಯೋಗದ ಲೆಕ್ಕದಲ್ಲೂ ಅದು ನಷ್ಟದ ಬಾಬ್ತು.

ಕಾಯಿದೆಯಲ್ಲೇ ಎರಡು ಸಾಲು

ನಮ್ಮಲ್ಲಿ ಬಂದೂಕಿಗೆ ಮೂಲ ಕಾಯಿದೆ 1959ರ ಶಸ್ತ್ರಾಸ್ತ್ರ ಕಾಯಿದೆ. ಅದರ ಕೆಳಗೆ ಈಗ ನಡೆಯುತ್ತಿರುವುದು 2016ರ ನಿಯಮಗಳು. ಲೈಸೆನ್ಸ್ ಕೊಡುವ ಬಗ್ಗೆ ಹೇಳುವುದು ಕಾಯಿದೆಯ 13ನೇ ಕಲಂ. ಅಲ್ಲಿ ಉದ್ದ ನಳಿಗೆಯ ಕೋವಿಗೆ ಒಂದು ಸಾಲು, ಉಳಿದದ್ದಕ್ಕೆ ಇನ್ನೊಂದು ಸಾಲು ಇದೆ.

20 ಇಂಚಿಗಿಂತ ಕಡಿಮೆ ಇಲ್ಲದ ನಯ ನಳಿಗೆಯ ಕೋವಿಯನ್ನು ರಕ್ಷಣೆಗೆ ಕೇಳಿದರೆ, ಅಥವಾ ಬೆಳೆ ಕಾಯಲು ಕೇಪಿನ ಕೋವಿ ಕೇಳಿದರೆ, ಅಡ್ಡಿ ಏನೂ ಇಲ್ಲದಿದ್ದಲ್ಲಿ ಅಧಿಕಾರಿ ಲೈಸೆನ್ಸ್ ಕೊಡಬೇಕು ಎನ್ನುವ ಧಾಟಿ ಅದರದ್ದು. ಬೆಳೆ ಕಾಯಲು ಕೇಪಿನ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಕೊಡಬಹುದು. ಪಿಸ್ತೂಲು, ರಿವಾಲ್ವರ್ ಬರುವುದು ಎರಡನೇ ಸಾಲಿನಲ್ಲಿ. ಅದಕ್ಕೆ ನಿಮ್ಮ ಹತ್ತಿರ ಒಳ್ಳೆಯ ಕಾರಣ ಇದೆ ಅಂತ ಅಧಿಕಾರಿಗೆ ಒಪ್ಪಿಗೆಯಾಗಬೇಕು. 'ಅಡಿಕೆ ಕಳ್ಳತನವಾಯಿತು' ಎನ್ನುವುದು ನಮಗೆ ದೊಡ್ಡ ಕಾರಣವೇ. ಆದರೆ ಜೀವಕ್ಕೆ ನೇರ ಬೆದರಿಕೆ ಇದೆ ಅಂತ ತೋರಿಸುವ ದಾಖಲೆ ಇಲ್ಲದೆ ಡಿಸಿ ಕಚೇರಿಯಲ್ಲಿ ಆ ಫೈಲು ಮುಂದಕ್ಕೆ ಹೋಗುವುದು ಕಷ್ಟ.

ಎರಡಕ್ಕೂ ಓಡಾಟ ಇದ್ದೇ ಇದೆ. 21 ವರ್ಷ ತುಂಬಿರಬೇಕು. ಅರ್ಜಿ ಕೊಟ್ಟ ಮೇಲೆ ನಿಮ್ಮ ಠಾಣೆಯಿಂದ ವರದಿ ಹೋಗಬೇಕು. ದೇಹ, ಮನಸ್ಸು ಎರಡೂ ಸರಿ ಇದೆ ಅಂತ ವೈದ್ಯರ ಪ್ರಮಾಣಪತ್ರ ಬೇಕು. ಬಂದೂಕು ಬಳಸುವ, ಇಡುವ ಬಗ್ಗೆ ತರಬೇತಿ ಪಡೆದ ಪ್ರಮಾಣಪತ್ರವನ್ನೂ 2016ರ ನಿಯಮ ಕೇಳುತ್ತದೆ. ಲೈಸೆನ್ಸ್ ಕೈಗೆ ಬಂದ ಮೇಲೆಯೇ ಬಂದೂಕು ಕೊಳ್ಳುವುದು. ಮೊದಲು ಅಂಗಡಿಗೆ ಮುಂಗಡ ಕೊಟ್ಟು ಆಮೇಲೆ ಲೈಸೆನ್ಸಿಗೆ ಅಲೆದವರನ್ನು ನೋಡಿದ್ದೇನೆ. ಆ ತಪ್ಪು ಮಾಡಬೇಡಿ.

ದುಡ್ಡಿನ ಲೆಕ್ಕ

ಯೂಟ್ಯೂಬಿನಲ್ಲಿ ಅಮೆರಿಕದವರು ತೋರಿಸುವ 9 ಎಂಎಂ ಪಿಸ್ತೂಲು ನೋಡಿ ಕೆಲವರು ಅದರ ಬೆಲೆ ಕೇಳುತ್ತಾರೆ. ಆ ಬೋರು ನಮ್ಮಲ್ಲಿ ಸಾಮಾನ್ಯ ಜನರಿಗೆ ನಿಷಿದ್ಧ. ನಮಗೆ ಸಿಗುವ ಕೈಬಂದೂಕಿನಲ್ಲಿ ಮುಖ್ಯವಾದದ್ದು .32 ಬೋರಿನದ್ದು. ಬಹುಕಾಲದಿಂದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳೇ ಇವನ್ನು ಮಾಡಿ ಮಾರುತ್ತಿವೆ. 2021ರಲ್ಲಿ ಆ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಮಾಡಿದ ಮೇಲೆ ಸಣ್ಣ ಬಂದೂಕುಗಳ ಕೆಲಸ ಕಾನ್ಪುರದಲ್ಲಿ ಮುಖ್ಯ ಕಚೇರಿ ಇರುವ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಬಂತು.

2014ರಲ್ಲಿ ಕಾನ್ಪುರದ ಕಾರ್ಖಾನೆ 'ನಿರ್ಭೀಕ್' ಎನ್ನುವ .32 ರಿವಾಲ್ವರ್ ಬಿಟ್ಟಿತು. ಅರ್ಧ ಕೆ.ಜಿ. ತೂಕ, ಹೆಂಗಸರ ಕೈಚೀಲದಲ್ಲೂ ಹಿಡಿಸುತ್ತದೆ ಅಂತ ಪ್ರಚಾರ. ಆಗಲೇ ಅದರ ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ಹತ್ತು ವರ್ಷಕ್ಕೂ ಹಿಂದಿನ ಮಾತು ಇದು.

ತೆರಿಗೆಯನ್ನೂ ನೋಡಿ. ರಿವಾಲ್ವರ್, ಪಿಸ್ತೂಲಿಗೆ ಮೊದಲು ಜಿಎಸ್‌ಟಿ ಶೇಕಡಾ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 40 ಆಗಿದೆ. ಪಾನ್ ಮಸಾಲ, ವಿಹಾರ ನೌಕೆ ಇರುವ ಪಟ್ಟಿಯಲ್ಲಿ ಇದನ್ನೂ ಸೇರಿಸಿದ್ದಾರೆ. ಅಂದರೆ 1 ಲಕ್ಷದ ಪಿಸ್ತೂಲಿಗೆ 40 ಸಾವಿರ ತೆರಿಗೆಯೇ. ಉದ್ದ ನಳಿಗೆಯ ಕೋವಿ ಆ ಪಟ್ಟಿಯಲ್ಲಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ತೋಟೆ ಬೇರೆ ಕೊಳ್ಳಬೇಕು, ಲೈಸೆನ್ಸಿನಲ್ಲಿ ಬರೆದಷ್ಟೇ ಸಿಗುತ್ತದೆ. ಬೀಗ ಇರುವ ಗಟ್ಟಿ ಪೆಟ್ಟಿಗೆ ಬೇಕು. ತರಬೇತಿಗೆ, ಪೇಟೆಗೆ ನಾಲ್ಕಾರು ಸಲದ ಓಡಾಟಕ್ಕೆ ದುಡ್ಡು ಬೇಕು. 2019ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದ್ದು ಒಂದು ಅನುಕೂಲ. ಆದರೂ ನವೀಕರಣದ ಓಡಾಟ ತಪ್ಪಿದ್ದಲ್ಲ. ಎರಡು ಚೀಲ ಅಡಿಕೆ ಉಳಿಸಲು ಅದಕ್ಕಿಂತ ಹೆಚ್ಚು ಸಾಲ ಮಾಡಿದಂತೆ ಆಗಬಾರದು. ಅದರ ಬಡ್ಡಿಯನ್ನೂ ಅದೇ ಅಡಿಕೆಯಿಂದಲೇ ಕಟ್ಟಬೇಕಲ್ಲ.

ಕೈಯಲ್ಲಿದ್ದರೆ ಏನು ಮಾಡಬಹುದು?

ನನ್ನ ಅಣ್ಣನವರಿಗೆ ಈ ಮಾತು ಹೇಳಿದಾಗ ಅವರ ಮುಖ ಸಪ್ಪೆಯಾಯಿತು. ಆದರೂ ಹೇಳಲೇಬೇಕು. ಅಡಿಕೆ ಕದ್ದು ಓಡುವವನ ಮೇಲೆ ಗುಂಡು ಹಾರಿಸಲು ಲೈಸೆನ್ಸ್ ಅನುಮತಿ ಕೊಡುವುದಿಲ್ಲ.

ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಆಸ್ತಿ ಕಾಯಲು ಒಬ್ಬನ ಜೀವ ಹೋಗುವಷ್ಟು ಬಲ ಬಳಸಬಹುದಾದ ಸಂದರ್ಭಗಳನ್ನು ಅದರ 41ನೇ ಕಲಂ ಎಣಿಸಿ ಹೇಳುತ್ತದೆ: ದರೋಡೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಮನೆ ಮುರಿದು ನುಗ್ಗುವುದು, ವಾಸದ ಮನೆಗೆ ಅಥವಾ ಸಾಮಾನು ಇಡುವ ಕಟ್ಟಡಕ್ಕೆ ಬೆಂಕಿ ಇಡುವುದು, ಇಲ್ಲವೇ ತಡೆಯದಿದ್ದರೆ ಜೀವ ಹೋಗುತ್ತದೆ ಅಥವಾ ಭಾರಿ ಗಾಯವಾಗುತ್ತದೆ ಎನ್ನುವ ಭಯ ಹುಟ್ಟಿಸುವ ಕಳ್ಳತನ, ಹಾನಿ, ಮನೆ ಅತಿಕ್ರಮ. ಆಗಲೂ ಅಗತ್ಯಕ್ಕಿಂತ ಹೆಚ್ಚು ಬಲ ಬಳಸುವಂತಿಲ್ಲ. ಅಂಗಳದಿಂದ ಚೀಲ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಮಾರನೇ ದಿನ ಆರೋಪಿ ನೀವು. ಅವನು ಪಕ್ಕದ ಊರಿನ ಹುಡುಗನೇ ಆಗಿರಬಹುದು. ಎರಡು ಮನೆ ಹಾಳು.

ಗುರಿಯ ವಿಷಯವೂ ಇದೆ. ಸಿನಿಮಾದಲ್ಲಿ ತೋರಿಸಿದಷ್ಟು ಸುಲಭವಲ್ಲ ಪಿಸ್ತೂಲು. ನಳಿಗೆ ಗಿಡ್ಡ, ಹಿಡಿತ ಸ್ವಲ್ಪ ಅಲುಗಿದರೂ ಗುಂಡು ಎಲ್ಲಿಗೋ ಹೋಗುತ್ತದೆ. ಸತತ ಅಭ್ಯಾಸವಿಲ್ಲದವರಿಗೆ ಕೆಲವೇ ಮಾರು ದೂರದ ಗುರಿಯೂ ತಪ್ಪುತ್ತದೆ, ಅದೂ ರಾತ್ರಿ, ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ. ಅಭ್ಯಾಸ ಮಾಡೋಣವೆಂದರೆ ತೋಟದಲ್ಲಿ ಢಂ ಅನ್ನಿಸುವಂತಿಲ್ಲ, ಶೂಟಿಂಗ್ ರೇಂಜ್ ಹತ್ತಿರದಲ್ಲಿಲ್ಲ.

ಬೆಳೆಗೆ ಬರುವ ಪ್ರಾಣಿಯ ಮುಂದಂತೂ ಪಿಸ್ತೂಲು ಕೆಲಸಕ್ಕೆ ಬಾರದ್ದು. ಕೋವಿಯೇ ಇದ್ದರೂ ಒಂದು ಮಾತು ನೆನಪಿಡಿ: ಕಾಡುಹಂದಿ, ಕಡವೆ, ನವಿಲು 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿವೆ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಶಿಕಾರಿಯ ಲೈಸೆನ್ಸ್ ಅಲ್ಲ. ಅರಣ್ಯ ಇಲಾಖೆಯ ಆದೇಶವಿಲ್ಲದೆ ಹೊಡೆದರೆ ಕೇಸು. ಗಾಳಿಗೆ ಒಂದು ಈಡು ಹಾರಿಸಿ ಬೆದರಿಸುವುದೇ ನಮ್ಮ ಹಿರಿಯರು ಹೆಚ್ಚಾಗಿ ಮಾಡಿಕೊಂಡು ಬಂದದ್ದು.

ಹಾಗಾದರೆ ಮೊದಲ ಕೋವಿ ಯಾವುದು?

ಒಂಟಿ ಮನೆ, ಕಾಡಿನ ಅಂಚು, ರಾತ್ರಿ ಹಂದಿ ಕಾಟ. ಇಂಥ ಕಡೆ ಕೋವಿಯೇ ಬೇಡ ಅಂತ ಪೇಟೆಯಲ್ಲಿ ಕೂತು ಹೇಳುವವರ ಜೊತೆ ನಾನಿಲ್ಲ. ಬೇಕು ಅನ್ನಿಸಿದರೆ ಈ ಕ್ರಮದಲ್ಲಿ ನೋಡಿ.

ಮೊದಲು, ಮನೆಯಲ್ಲೇ ಇದೆಯಾ ಅಂತ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಪ್ಪನ, ಅಜ್ಜನ ಹೆಸರಿನ ಕೋವಿ ಇರುತ್ತದೆ. 2016ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು ಪ್ರತ್ಯೇಕ ಅವಕಾಶವಿದೆ. ಲೈಸೆನ್ಸ್ ಇದ್ದವರು ತೀರಿಕೊಂಡರೆ ವಾರಸುದಾರರು ಅರ್ಜಿ ಹಾಕಬಹುದು. ಅವರು ಬದುಕಿದ್ದಾಗಲೇ, 70 ವರ್ಷ ತುಂಬಿದ್ದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷವಾಗಿದ್ದರೆ, ಮಗನಿಗೋ ಮಗಳಿಗೋ ಮಾಡಿಕೊಡಬಹುದು. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಹಾಗಾಗಿ ಅಣ್ಣತಮ್ಮಂದಿರು ಮಾತು ಬಿಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ. ಅಪ್ಪ ಹೋದ ಮೇಲೆ ಕೋವಿಯನ್ನು ಅಟ್ಟದ ಮೇಲೆ ಇಟ್ಟು ಸುಮ್ಮನಿದ್ದರೆ ಅದು ಅಕ್ರಮ ಶಸ್ತ್ರ. ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಡಬೇಕು. ಠೇವಣಿ ಇಟ್ಟು ಬಹಳ ಕಾಲ ಕೇಳದೆ ಬಿಟ್ಟರೆ ಅದು ಸರ್ಕಾರದ ಪಾಲಾಗಬಹುದು, ಅದಕ್ಕೂ ಕಾಯಿದೆಯಲ್ಲಿ ಕಲಂ ಇದೆ.

ಎರಡನೆಯದು, ಬೇರೆಯವರು ಕೊಡುವ ಹಳೇ ಕೋವಿ. ಲೈಸೆನ್ಸ್ ಇರುವ ಒಬ್ಬರು ತಮ್ಮ ಸ್ವಂತದ್ದನ್ನು ಲೈಸೆನ್ಸ್ ಇರುವ ಇನ್ನೊಬ್ಬರಿಗೆ ಮಾರಬಹುದು. ಆದರೆ ಮಾರುವವರು ಮೊದಲು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ, 45 ದಿನ ಕಳೆದ ಮೇಲೆಯೇ ಕೊಡಬೇಕು. ಊರ ಮಾತಿನ ಮೇಲೆ ಕೈ ಬದಲಿಸಿದರೆ ಇಬ್ಬರಿಗೂ ಕುತ್ತು. ಕೊಳ್ಳುವ ಮೊದಲು ಕೋವಿಯ ಮೇಲಿನ ನಂಬರು ಲೈಸೆನ್ಸಿನ ನಂಬರಿಗೆ ತಾಳೆಯಾಗುತ್ತದಾ ನೋಡಿ. ನಳಿಗೆಯಲ್ಲಿ ತುಕ್ಕು, ಉಬ್ಬು, ಬಿರುಕು ಇದ್ದರೆ ಬೇಡವೇ ಬೇಡ. ಮಡಚಿ ಮುಚ್ಚಿದಾಗ ಸಡಿಲ ಅನ್ನಿಸಿದರೂ ಬೇಡ. ನಿಮ್ಮ ಕಣ್ಣಿಗೆ ಸರಿ ಕಂಡರೂ ಲೈಸೆನ್ಸ್ ಇರುವ ರಿಪೇರಿಯವರಿಗೆ ಒಮ್ಮೆ ತೋರಿಸಿ.

ಮೂರನೆಯದು, ಹೊಸದು. 12 ಬೋರಿನ ಒಂಟಿ ನಳಿಗೆಯ ತೋಟೆ ಕೋವಿ ಸಾಕು. ಪಿಸ್ತೂಲಿನ ಬೆಲೆಯ ಹತ್ತಿರಕ್ಕೂ ಇದು ಹೋಗುವುದಿಲ್ಲ. ಯಂತ್ರ ಸರಳ, ತೋಟೆ ಹಾಕಿದೆಯಾ ಇಲ್ಲವಾ ಅಂತ ಮಡಚಿದ ಕೂಡಲೇ ಕಾಣುತ್ತದೆ, ಇದರ ತೋಟೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಜೋಡಿ ನಳಿಗೆಯ ಆಸೆ ಆಮೇಲೆ ನೋಡಿಕೊಳ್ಳಿ.

ಜೀವ ಬೆದರಿಕೆ ಇದ್ದು, ದಾಖಲೆಯೂ ಇದ್ದು, ಕೈಬಂದೂಕೇ ಬೇಕಾದವರು ಕೆಲವರಿರುತ್ತಾರೆ. ಅಂಥವರಿಗೆ ಪಿಸ್ತೂಲಿಗಿಂತ ರಿವಾಲ್ವರ್ ವಾಸಿ ಅನ್ನುವುದು ನನ್ನ ಅನಿಸಿಕೆ. ಪಿಸ್ತೂಲಿನಲ್ಲಿ ಮ್ಯಾಗಜೀನ್ ತೆಗೆದರೂ ನಳಿಗೆಯಲ್ಲಿ ಒಂದು ತೋಟೆ ಉಳಿದಿರಬಹುದು, ಹೊಸಬರು ಮೋಸ ಹೋಗುವುದು ಅಲ್ಲೇ. ರಿವಾಲ್ವರಿನಲ್ಲಿ ತಿರುಗುವ ಬಿಲ್ಲೆ ತೆರೆದರೆ ಎಲ್ಲಾ ಕಾಣುತ್ತದೆ.

ಯಾವುದೇ ಆಗಲಿ, ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಸೇರಿ. ಎಸ್ಪಿ ಕಚೇರಿಯಲ್ಲಿ ಕೇಳಿದರೆ ಮುಂದಿನ ಶಿಬಿರ ಯಾವಾಗ ಅಂತ ಹೇಳುತ್ತಾರೆ. ಕೋವಿ ಕೊಳ್ಳುವ ಮೊದಲು ಒಮ್ಮೆ ಹಿಡಿದು ನೋಡಲು ನಮ್ಮಂಥವರಿಗೆ ಅದೇ ದಾರಿ.

ಕೊಡಗಿನವರ ಮಾತು ಎತ್ತುವವರಿಗೆ ಒಂದು ವಿವರಣೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಅದು ಅವರಿಗೆ ಮಾತ್ರ. ಅಲ್ಲಿನ ಸ್ನೇಹಿತರು ಇಟ್ಟಿದ್ದಾರೆ ಅಂತ ನಾವು ಇಡುವಂತಿಲ್ಲ.

ಅಗ್ಗದ ಮಾಲು ಎಂಬ ಬಲೆ

ಕಾಯಿದೆ ಕಷ್ಟ, ಬೆಲೆ ಜಾಸ್ತಿ ಅಂದಾಗ ಪೇಟೆಯಲ್ಲಿ ಯಾರೋ ಒಬ್ಬ ಕಿವಿಯಲ್ಲಿ ಹೇಳುತ್ತಾನೆ, "ಉತ್ತರದ ಕಡೆಯಿಂದ ಬರ್ತದೆ, ಕಮ್ಮಿಗೆ ಕೊಡಿಸ್ತೇನೆ" ಅಂತ. ಅದು ಕಂಟ್ರಿ ಪಿಸ್ತೂಲು. ಅಳತೆ, ಪರೀಕ್ಷೆ ಏನೂ ಇಲ್ಲದೆ ಮಾಡಿದ್ದು. ಹಾರಿಸಿದವನ ಕೈಯಲ್ಲೇ ಸಿಡಿಯುವುದು ಅದರ ಗುಣ. ಲೈಸೆನ್ಸ್ ಇಲ್ಲದ ಬಂದೂಕು ಸಿಕ್ಕರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಎರಡು ವರ್ಷ, ಐದು ವರ್ಷದವರೆಗೂ ಜೈಲು, ಜೊತೆಗೆ ದಂಡ. ಕಮ್ಮಿ ಬೆಲೆ ಅಂತ ತಂದದ್ದಕ್ಕೆ ವಕೀಲರ ಫೀಸು ಕಟ್ಟಲು ತೋಟ ಮಾರಬೇಕಾದೀತು. ಊರ ಕಮ್ಮಾರಸಾಲೆಯಲ್ಲಿ ಮಾಡಿಸುವ ನಾಡ ಕೋವಿಗೂ ಇದೇ ಮಾತು. ಮದುವೆ ದಿಬ್ಬಣದಲ್ಲಿ, ಜಾತ್ರೆಯಲ್ಲಿ ಜೋಶಿಗೆ ಗುಂಡು ಹಾರಿಸುವುದೂ ಈಗ ಅಪರಾಧ. ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಸರ್ಕಾರದ ಪಾಲಿನ ಕೆಲಸ

ಇಷ್ಟು ಹೊತ್ತು ರೈತರಿಗೆ ಬುದ್ಧಿ ಹೇಳಿದೆ. ಅಧಿಕಾರಿಗಳಿಗೂ ಎರಡು ಮಾತು ಹೇಳದಿದ್ದರೆ ನ್ಯಾಯವಾಗುವುದಿಲ್ಲ.

ಚುನಾವಣೆ ಬಂದಾಗ ಲೈಸೆನ್ಸ್ ಇರುವವರೆಲ್ಲ ಕೋವಿ ತಂದೊಪ್ಪಿಸಬೇಕು ಎನ್ನುವ ಸೂಚನೆ ಹೊರಡುತ್ತದೆ. 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಇತ್ತು, ಎರಡೂವರೆ ತಿಂಗಳಿಗೂ ಹೆಚ್ಚು. ಹಂದಿಗೂ ಮಂಗಕ್ಕೂ ನೀತಿ ಸಂಹಿತೆ ಇಲ್ಲ. ಯಾರ ಕೋವಿಯನ್ನು ಜಮಾ ಮಾಡಿಸಬೇಕು, ಯಾರದ್ದು ಬೇಡ ಅಂತ ಪರಿಶೀಲಿಸಲು ಜಿಲ್ಲೆಯಲ್ಲಿ ಸಮಿತಿ ಇರುತ್ತದೆ. ಅದು ಒಬ್ಬೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಬೇಕು. ಕೇಸು ಇಲ್ಲದ, ಕಾಡಂಚಿನ ಬೆಳೆಗಾರನನ್ನೂ ರೌಡಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ನೀವೂ ಸುಮ್ಮನಿರಬೇಡಿ. ಚುನಾವಣೆ ಘೋಷಣೆಯಾದ ಕೂಡಲೇ ವಿನಾಯಿತಿ ಕೇಳಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಇನ್ನೊಂದು, ಜನ ಪಿಸ್ತೂಲಿನ ಕನಸು ಕಾಣುವುದು ಠಾಣೆಯ ಮೇಲೆ ಭರವಸೆ ಕಡಿಮೆಯಾದಾಗ. ಕೊಯ್ಲಿನ ಎರಡು ಮೂರು ತಿಂಗಳು ರಾತ್ರಿ ಗಸ್ತು ಒಂಟಿ ಮನೆಗಳ ದಾರಿಯಲ್ಲೂ ಒಮ್ಮೆ ಹಾದುಹೋದರೆ, ಕದ್ದ ಅಡಿಕೆ ಕೊಳ್ಳುವವರನ್ನು ಸರಿಯಾಗಿ ವಿಚಾರಿಸಿದರೆ, ಅರ್ಧ ಜನರಿಗೆ ಕೋವಿಯ ಯೋಚನೆಯೇ ಬರುವುದಿಲ್ಲ.

ಮನೆಯೊಳಗೆ ಬರುವ ಮೊದಲು

ಕೊನೆಯದಾಗಿ, ಅಂಗಡಿಯವರು ಯಾರೂ ಕೇಳದ ಪ್ರಶ್ನೆ. ಮನೆಯಲ್ಲಿ ಕುಡಿತ ಇದೆಯಾ? ಸಾಲದ ಚಿಂತೆಯಲ್ಲಿ ಯಾರಾದರೂ ಮಂಕಾಗಿದ್ದಾರಾ? ಗಂಡ ಹೆಂಡತಿ, ಅಣ್ಣ ತಮ್ಮಂದಿರ ನಡುವೆ ಕೈಕೈ ಮಿಲಾಯಿಸುವ ಜಗಳ ಇದೆಯಾ? ಒಂದಕ್ಕೆ ಹೌದು ಅಂದರೂ ಆ ಮನೆಗೆ ಬಂದೂಕು ಬರಬಾರದು, ಇದ್ದದ್ದನ್ನೂ ಠೇವಣಿ ಇಡುವುದು ಒಳ್ಳೆಯದು. ಒಂದು ಕ್ಷಣದ ಸಿಟ್ಟು, ಒಂದು ರಾತ್ರಿಯ ಸಂಕಟ ಬೆಳಗಾಗುವಷ್ಟರಲ್ಲಿ ಕಳೆದುಹೋಗುತ್ತದೆ. ಬಂದೂಕು ಕೈಗೆ ಸಿಗುವಂತಿದ್ದರೆ ಬೆಳಗಾಗುವವರೆಗೆ ಕಾಯುವುದಿಲ್ಲ. ಮನಸ್ಸು ಭಾರವಾದವರು 14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೋವಿ ಇರುವ ಮನೆಯಲ್ಲಿ ಮೂರು ನಿಯಮ ತಪ್ಪಬಾರದು. ತೋಟೆ ತುಂಬಿ ಇಡಬೇಡಿ. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ. ಕೀಲಿ ಎಲ್ಲಿದೆ ಅಂತ ಮಕ್ಕಳಿಗೆ ಗೊತ್ತಿರಬಾರದು.

ಅಣ್ಣನವರ ವಿಷಯಕ್ಕೆ ಬರುತ್ತೇನೆ. ಇದನ್ನೆಲ್ಲ ಹೇಳಿ ಮುಗಿಸಿದಾಗ ಅವರು ಸ್ವಲ್ಪ ಹೊತ್ತು ಕವಳ ಜಗಿಯುತ್ತಾ ಕೂತರು. ಆಮೇಲೆ, "ಅಪ್ಪಯ್ಯನ ಕೋವಿ ಪೇಟೆ ಅಂಗಡಿಯಲ್ಲಿ ಠೇವಣಿ ಇದ್ದು. ಅದನ್ನ ಮರೆತೇ ಬಿಟ್ಟಿದ್ದೆ" ಅಂದರು. ಇಬ್ಬರು ಅಕ್ಕಂದಿರ ಒಪ್ಪಿಗೆ ಪತ್ರ ತಂದು ವಾರಸುದಾರರ ಅರ್ಜಿ ಹಾಕಿದ್ದಾರೆ. ಪಿಸ್ತೂಲಿಗೆ ಅಂತ ಎತ್ತಲು ಹೊರಟಿದ್ದ ಸಾಲವನ್ನು ಎತ್ತಲಿಲ್ಲ. ಕೈಯಲ್ಲಿದ್ದ ಸ್ವಲ್ಪ ದುಡ್ಡಿನಲ್ಲಿ ಅಂಗಳಕ್ಕೆ ಎರಡು ದೀಪ, ಒಂದು ಕ್ಯಾಮೆರಾ, ಅಡಿಕೆ ಇಡುವ ಕೋಣೆಗೆ ಗಟ್ಟಿ ಬಾಗಿಲು ಹಾಕಿಸಿದರು. ಒಂದು ನಾಯಿಮರಿಯನ್ನೂ ತಂದಿದ್ದಾರೆ.

ಲೈಸೆನ್ಸ್ ಇನ್ನೂ ಬಂದಿಲ್ಲ. ಠಾಣೆಯ ವರದಿ ಹೋಗಿದೆಯಂತೆ, ಫೈಲು ಡಿಸಿ ಕಚೇರಿಯಲ್ಲಿದೆ. ಮುಂದಿನ ಕೊಯ್ಲಿನೊಳಗೆ ಬಂದರೆ ಇಲ್ಲೇ ಬರೆದು ತಿಳಿಸುತ್ತೇನೆ. ಬಾರದಿದ್ದರೂ ಬರೆಯುತ್ತೇನೆ.